ವಾಹನದಲ್ಲಿ ಸಿಬಿ ರೇಡಿಯೋ

ಎರಡು ವಾಹನಗಳ ನಡುವೆ, ಮಧ್ಯೆ ಯಾವ ಟವರೂ ಇಲ್ಲದೆ, ನೇರವಾಗಿ ಮಾತು ಸಾಗಿಸುವ ಯಂತ್ರ ಸಿಟಿಜನ್ ಬ್ಯಾಂಡ್ ರೇಡಿಯೋ. ಬಳಸುವವರ ಬಾಯಲ್ಲಿ ಅದು ಬರೀ ಸಿಬಿ. ಪೊಲೀಸ್ ಜೀಪಿನ ವೈರ್‌ಲೆಸ್, ಅರಸೀಕೆರೆ ಜಂಕ್ಷನ್ನಿನಲ್ಲಿ ಗಾರ್ಡು ಮತ್ತು ಲೋಕೊ ಪೈಲಟ್ ಹಿಡಿದಿರುವ 5 ವ್ಯಾಟ್‌ನ ವಾಕಿಟಾಕಿ, ಇವೂ ಇದೇ ಕುಲದವು. ಆದರೆ ಅವು ಇಲಾಖೆಗಳಿಗೆ ಮೀಸಲಾದ ವಿಎಚ್‌ಎಫ್ ಆವರ್ತನಗಳಲ್ಲಿ ಪರವಾನಗಿಯ ಮೇಲೆ ನಡೆಯುತ್ತವೆ. ಸಿಬಿ ನಡೆಯುವುದು ಸಾಮಾನ್ಯ ಜನರಿಗೆಂದು ಬಿಟ್ಟುಕೊಟ್ಟ, 27 ಮೆಗಾಹರ್ಟ್ಸ್ ಆಸುಪಾಸಿನ ಒಂದು ಕಿರಿದಾದ ಪಟ್ಟಿಯಲ್ಲಿ. ಕಳಿಸುವುದು, ಕೇಳುವುದು ಎರಡೂ ಒಂದೇ ಆವರ್ತನದಲ್ಲಿ ಆಗುವುದರಿಂದ ಒಬ್ಬರು ಮಾತಾಡುವಾಗ ಉಳಿದವರೆಲ್ಲ ಕೇಳಿಸಿಕೊಳ್ಳಬೇಕು. ಫೋನಿನಂತೆ ಇಬ್ಬರೂ ಒಟ್ಟಿಗೆ ಮಾತಾಡಲು ಬರುವುದಿಲ್ಲ.

ಈ ಪಟ್ಟಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಸರಕಾರ 1958ರಲ್ಲಿ 27 ಮೆಗಾಹರ್ಟ್ಸ್‌ನಲ್ಲಿ 23 ಚಾನೆಲ್‌ಗಳನ್ನು ಜನಬಳಕೆಗೆ ತೆರೆಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಹೆದ್ದಾರಿಯಲ್ಲಿ ವೇಗಮಿತಿ ಗಂಟೆಗೆ 55 ಮೈಲಿಗೆ ಇಳಿದಾಗ, ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಲಾರಿ ಚಾಲಕರು ಪರಸ್ಪರ ಹೇಳಿಕೊಳ್ಳಲು ಇದನ್ನೇ ಹಿಡಿದರು. ಗಿರಾಕಿಗಳು ಮುಗಿಬಿದ್ದು 1977ರ ಜನವರಿಯಲ್ಲಿ ಚಾನೆಲ್‌ಗಳು 40ಕ್ಕೆ ಏರಿದವು. ಇಂದಿಗೂ ಜಗತ್ತಿನಲ್ಲಿ ಮಾರಾಟವಾಗುವ ಬಹುಪಾಲು ಸೆಟ್‌ಗಳು ಆ 40 ಚಾನೆಲ್‌ಗಳ ಲೆಕ್ಕಕ್ಕೇ ತಯಾರಾದವು.

ಭಾರತದಲ್ಲಿ ಕಥೆ ಬೇರೆ. ಇಲ್ಲಿ 2005ರ ನಿಯಮ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 5 ವ್ಯಾಟ್ ಮೀರದ ಸೆಟ್‌ಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ. ಇದರಲ್ಲಿ ಎರಡು ತೊಡಕುಗಳಿವೆ. ಒಂದನೇ ಚಾನೆಲ್ 26.965ರಲ್ಲಿ, 27ನೆಯದು 27.275ರಲ್ಲಿ ಇದೆ, 28ನೆಯದು 27.285ಕ್ಕೆ ಹೋಗಿ ಗಡಿ ದಾಟುತ್ತದೆ. ಅಂದರೆ ವಿದೇಶಿ ಸೆಟ್‌ನ 40 ಚಾನೆಲ್‌ಗಳಲ್ಲಿ ಕೊನೆಯ 13 ಇಲ್ಲಿ ಮುಟ್ಟಬಾರದವು. ಎರಡನೆಯ ತೊಡಕು ದೊಡ್ಡದು. ವಿನಾಯಿತಿ ಇರುವುದು ಆಂಟೆನಾ ಸೆಟ್ಟಿನಲ್ಲೇ ಸೇರಿಕೊಂಡಿರುವ ಉಪಕರಣಕ್ಕೆ. ಕೈಯಲ್ಲಿ ಹಿಡಿಯುವ ಸೆಟ್ ಆ ಮಾತಿಗೆ ಸರಿಹೊಂದುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಪೆಟ್ಟಿಗೆ, ಛಾವಣಿಯ ಮೇಲೆ ಬೇರೆ ಕಂಬಿ ಎಂಬ ಜೋಡಣೆ ಹಾಗೆ ಸಲೀಸಾಗಿ ಅದರೊಳಗೆ ಕೂರುವುದಿಲ್ಲ. ಆದ್ದರಿಂದ ಅಂಥ ಜೋಡಣೆಗೆ ಮೊದಲು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಅನುಮತಿ ಕೇಳುವುದು ಅಗತ್ಯ. ಹೊರಗಿನಿಂದ ತರಿಸುವ ಸೆಟ್‌ಗೆ ಅದೇ ವಿಭಾಗದ ಮಾದರಿ ಅನುಮೋದನೆಯೂ ಬೇಕು. ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಕಾನೂನು ಒಪ್ಪಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಅನುಮತಿ ಸಿಕ್ಕಿತು ಎಂದುಕೊಂಡರೆ, ಜೋಡಣೆ ಶುರುವಾಗುವುದು ಜಾಗದ ಆಯ್ಕೆಯಿಂದ. ಸೆಟ್ ಚಾಲಕನ ಮೊಣಕಾಲಿಗೆ ತಾಗದಂತೆ, ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಗೆ ಅಡ್ಡ ಬರದಂತೆ ಇರಬೇಕು. ಹಿಂಬದಿಗೆ ಗಾಳಿ ಆಡಬೇಕು, ಏಕೆಂದರೆ ಕಳಿಸುವಾಗ ಬಿಸಿಯಾಗುವ ಭಾಗ ಅಲ್ಲಿದೆ. ಹೆಚ್ಚಿನ ಸೆಟ್‌ಗಳ ಸ್ಪೀಕರ್ ತಳದಲ್ಲಿರುತ್ತದೆ. ಅದನ್ನು ಸೀಟಿನ ಮೇಲೆ ಒರಗಿಸಿದರೆ ಮಾತೆಲ್ಲ ಸ್ಪಂಜಿಗೆ ಹೋಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ರಸ್ತೆಗಳ ಒಂದು ವಿಶೇಷ ಗಮನಿಸಬೇಕು. ಕಾರು, ಜೀಪುಗಳ ಬ್ಯಾಟರಿ 12 ವೋಲ್ಟಿನದು. ಎಂಜಿನ್ ಓಡುವಾಗ ಅದು 13.8 ವೋಲ್ಟಿನ ಸುತ್ತ ನಿಲ್ಲುತ್ತದೆ. ಸಾಮಾನ್ಯ ಸಿಬಿ ಸೆಟ್ ಬಯಸುವುದೂ ಅಷ್ಟನ್ನೇ. ಆದರೆ ಅರಸೀಕೆರೆಯ ಮಾರುಕಟ್ಟೆಯಿಂದ ತೆಂಗಿನಕಾಯಿ, ಕೊಬ್ಬರಿ ಹೊತ್ತು ಹೊರಡುವ ದೊಡ್ಡ ಲಾರಿಗಳಲ್ಲಿ, ಬಸ್ಸುಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಸೆಟ್ಟನ್ನು ಅದಕ್ಕೆ ನೇರ ಸೇರಿಸಿದರೆ ಹೊಗೆ ಗ್ಯಾರಂಟಿ. ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದು ತೆಗೆಯುವ ಮೆಕ್ಯಾನಿಕ್ ಉಪಾಯವೂ ಒಳ್ಳೆಯದಲ್ಲ. ಎರಡು ಬ್ಯಾಟರಿಗಳ ಚಾರ್ಜ್ ಏರುಪೇರಾಗಿ ಕ್ರಮೇಣ ಎರಡೂ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಒಳ್ಳೆಯ ಕನ್ವರ್ಟರ್ ಹಾಕುವುದೇ ಸರಿ. ಅಗ್ಗದ ಕನ್ವರ್ಟರ್ ತಾನೇ ಗೊರಗೊರ ಸದ್ದನ್ನು ರೇಡಿಯೋದೊಳಗೆ ತುಂಬಿಬಿಡುತ್ತದೆ.

ಸೆಟ್ ಕುಡಿಯುವ ವಿದ್ಯುತ್ ಕಡಿಮೆಯೇ. ಕಳಿಸುವಾಗ ಒಂದೆರಡು ಆಂಪಿಯರ್. ಆದರೂ ಸಿಗರೇಟ್ ಲೈಟರಿನ ಗೂಡಿಗಿಂತ ನೇರ ಬ್ಯಾಟರಿಯಿಂದ ತಂತಿ ಎಳೆಯುವುದು ಮೇಲು. ಬ್ಯಾಟರಿ ಒಂದು ದೊಡ್ಡ ಕೆಪಾಸಿಟರಿನ ಕೆಲಸವನ್ನೂ ಮಾಡಿ, ಆಲ್ಟರ್ನೇಟರ್ ಹುಟ್ಟಿಸುವ ಸಿಳ್ಳೆಯನ್ನು ತಕ್ಕಮಟ್ಟಿಗೆ ನುಂಗುತ್ತದೆ. ಫ್ಯೂಸ್ ಇರಬೇಕಾದ್ದು ಸೆಟ್ಟಿನ ಹತ್ತಿರವಲ್ಲ, ಬ್ಯಾಟರಿಯ ಹತ್ತಿರ. ನಡುವೆ ಎಲ್ಲಾದರೂ ತಂತಿ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿ ಹೊತ್ತುವುದು ಆ ತಂತಿಗೆ. ಫ್ಯೂಸ್ ಕಾಪಾಡಬೇಕಾದ್ದೂ ಅದನ್ನೇ. ಎಂಜಿನ್ ಕಡೆಯಿಂದ ಒಳಕ್ಕೆ ಬರುವ ತಗಡಿನ ತೂತಿಗೆ ರಬ್ಬರ್ ಬಳೆ ತಪ್ಪದೆ ಹಾಕಬೇಕು.

ಇಷ್ಟೆಲ್ಲ ಮಾಡಿದರೂ ಸಿಬಿಯ ಬಹುಪಾಲು ಇರುವುದು ಪೆಟ್ಟಿಗೆಯಲ್ಲಲ್ಲ, ಆಂಟೆನಾದಲ್ಲಿ. ದುಬಾರಿ ಸೆಟ್ಟಿಗೆ ಕೆಟ್ಟ ಆಂಟೆನಾ ಹಾಕಿದವರಿಗಿಂತ ಹಳೆಯ ಸೆಟ್ಟಿಗೆ ಒಳ್ಳೆಯ ಆಂಟೆನಾ ಹಾಕಿದವರ ಮಾತು ದೂರ ಹೋಗುತ್ತದೆ. ಕಾರಣ ಸರಳ: 27 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 11 ಮೀಟರ್. ಅದನ್ನು ಸಲೀಸಾಗಿ ಹೊರಸೂಸುವ ಕಂಬಿ ಅದರ ಕಾಲುಭಾಗ, ಅಂದರೆ 2.75 ಮೀಟರ್ ಇರಬೇಕು. ಕಾರಿನ ಛಾವಣಿಯ ಮೇಲೆ ಅಷ್ಟುದ್ದದ ಕಂಬಿ ನಿಲ್ಲಿಸಿದರೆ ಹಳ್ಳಿ ದಾರಿಯಲ್ಲಿ ಜೋತುಬಿದ್ದ ಕರೆಂಟ್ ತಂತಿಗೆ ತಗಲುವ ಅಪಾಯವಿದೆ. ಆದ್ದರಿಂದ ಒಂದು ಮೀಟರ್ ಅಥವಾ ಒಂದೂವರೆ ಮೀಟರ್ ಕಂಬಿಗೆ ತಾಮ್ರದ ಸುರುಳಿ ಸೇರಿಸಿ, ಅದು ಉದ್ದ ಕಂಬಿಯೆಂದು ಸೆಟ್ಟನ್ನು ನಂಬಿಸುತ್ತಾರೆ. ನಂಬಿಕೆಗೆ ಬೆಲೆಯಿದೆ. ಕಂಬಿ ಗಿಡ್ಡವಾದಷ್ಟೂ ಸುರುಳಿಯಲ್ಲಿ ಬಿಸಿಯಾಗಿ ಕಳೆದುಹೋಗುವ ಶಕ್ತಿ ಹೆಚ್ಚು. ಒಂದು ಗೇಣುದ್ದದ ಅಂದವಾದ ಆಂಟೆನಾ ಕಾರಿಗೆ ಶೋಭೆ ತರಬಹುದು, ಮಾತಿಗೆ ತರುವುದಿಲ್ಲ.

ಕಂಬಿ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ವಾಹನದ ಲೋಹದ ಮೈ. ಛಾವಣಿಯ ನಟ್ಟನಡುವೆ ನಿಂತ ಕಂಬಿಗೆ ಸುತ್ತಲೂ ಸಮನಾಗಿ ತಗಡು ಸಿಗುವುದರಿಂದ ಅಲೆ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಹೋಗುತ್ತದೆ. ಹಿಂದಿನ ಎಡ ಮೂಲೆಯಲ್ಲಿ ನಿಲ್ಲಿಸಿದರೆ ಹೆಚ್ಚು ತಗಡು ಇರುವ ದಿಕ್ಕಿಗೆ, ಎಂದರೆ ಮುಂದಿನ ಬಲಗಡೆಗೆ, ಒಲವು ಜಾಸ್ತಿ. ಅಯಸ್ಕಾಂತದ ಬುಡ ಕಬ್ಬಿಣದ ತಗಡಿಗೆ ಕಚ್ಚುತ್ತದೆ; ಅಲ್ಯೂಮಿನಿಯಂ, ಫೈಬರ್ ಮೈಗೆ ಕಚ್ಚುವುದಿಲ್ಲ. ಮರದ ಬಾಡಿ ಕಟ್ಟಿದ ಲಾರಿಯಲ್ಲಿ ಕ್ಯಾಬಿನ್ನಿನ ಕನ್ನಡಿ ಹಿಡಿಕೆಯ ಮೇಲೆ ಕ್ಲಾಂಪ್ ಹಾಕುವುದು ರೂಢಿ. ಆಗ ಬಣ್ಣ, ತುಕ್ಕು ಕೆರೆದು ಹಿಡಿಕೆಯಿಂದ ಚಾಸಿಗೆ ದಪ್ಪ ಹೆಣೆದ ತಂತಿಯಿಂದ ಬೆಸೆಯದಿದ್ದರೆ ಇಡೀ ಜೋಡಣೆ ವ್ಯರ್ಥ.

ಆಂಟೆನಾಕ್ಕೂ ಸೆಟ್ಟಿಗೂ ನಡುವಿನ ದಾರಿ 50 ಓಮ್‌ನ ಕೋ-ಆಕ್ಸಿಯಲ್ ಕೇಬಲ್, ಸಾಮಾನ್ಯವಾಗಿ ಆರ್‌ಜಿ-58. ಟಿವಿಯ ಕೇಬಲ್ 75 ಓಮ್‌ನದು, ನೋಡಲು ಅಣ್ಣತಮ್ಮಂದಿರಂತಿದ್ದರೂ ಇಲ್ಲಿ ನಡೆಯದು. ಕೇಬಲ್ಲನ್ನು ಬಾಗಿಲ ಸಂದಿನಲ್ಲಿ ಅಪ್ಪಚ್ಚಿ ಮಾಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹೊರಗಿನ ಕನೆಕ್ಟರಿಗೆ ಮಳೆನೀರು ಇಳಿಯದಂತೆ ಟೇಪು ಸುತ್ತಬೇಕು. ಒಮ್ಮೆ ಹೆಣೆದ ತಾಮ್ರದೊಳಗೆ ನೀರು ಹೊಕ್ಕರೆ ಕೇಬಲ್ ಬದಲಿಸದೆ ಗತಿಯಿಲ್ಲ.

ಇನ್ನು ಶ್ರುತಿ ಮಾಡುವುದು. ಸೆಟ್ ಕಳಿಸಿದ ಶಕ್ತಿಯನ್ನೆಲ್ಲ ಆಂಟೆನಾ ಹೊರಬಿಡುವುದಿಲ್ಲ. ಸ್ವಲ್ಪ ಹಿಂದಕ್ಕೆ ನೂಕುತ್ತದೆ. ಅದರ ಅಳತೆ ಸ್ಥಾಯಿ ತರಂಗ ಅನುಪಾತ. ಅನುಪಾತ 1.5 ಇದ್ದರೆ ಹಿಂದಿರುಗುವುದು ಶೇ. 4, 2 ಇದ್ದರೆ ಶೇ. 11, 3 ಆದರೆ ಶೇ. 25. ಒಂದೂವರೆಯೊಳಗಿದ್ದರೆ ನೆಮ್ಮದಿ. ಮೂರು ದಾಟಿದರೆ ಮಾತು ಕಳಿಸಲು ಮೈಕಿನ ಗುಂಡಿ ಒತ್ತಬಾರದು. ಆಂಟೆನಾ ಸಿಕ್ಕಿಸದೆ ಒತ್ತಿದರಂತೂ ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಅಳೆಯುವಾಗ ಗಾಡಿ ತೋಟದ ಮರಗಳಿಂದ, ಗೋಡೆಗಳಿಂದ ದೂರ ಬಯಲಿನಲ್ಲಿರಬೇಕು, ಬಾಗಿಲುಗಳು ಮುಚ್ಚಿರಬೇಕು. ಮೊದಲು 1ನೇ ಚಾನೆಲ್, ಆಮೇಲೆ 27ನೆಯದು. 1ರಲ್ಲಿ ಅಳತೆ ಹೆಚ್ಚಿದ್ದರೆ ಕಂಬಿ ಗಿಡ್ಡ, ತುಸು ಮೇಲೆಳೆಯಬೇಕು. 27ರಲ್ಲಿ ಹೆಚ್ಚಿದ್ದರೆ ಉದ್ದ, ಇಳಿಸಬೇಕು. ಎರಡರಲ್ಲೂ ಸಮವಾಗಿ ಹೆಚ್ಚಿದ್ದರೆ ದೋಷ ಕಂಬಿಯದಲ್ಲ, ಬೆಸುಗೆಯದೋ ಕೇಬಲ್ಲಿನದೋ.

ಬಳಕೆಯಲ್ಲಿ ಗುಂಡಿಗಳು ನಾಲ್ಕೈದೇ. ಮೊದಲು ಕಲಿಯಬೇಕಾದ್ದು ಸ್ಕ್ವೆಲ್ಚ್. ಯಾರೂ ಮಾತಾಡದಿದ್ದಾಗ ರೇಡಿಯೋ ಸುಮ್ಮನೆ ಸುರ್ರೆನ್ನುತ್ತಿರುತ್ತದೆ. ಸ್ಕ್ವೆಲ್ಚ್ ಕೆರೆಯ ತೂಬಿನಂತೆ, ಇಂತಿಷ್ಟು ಮಟ್ಟ ಮೀರಿದ ಅಲೆಯನ್ನು ಮಾತ್ರ ಹೊರಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಸುರ್ರೆಂಬ ಸದ್ದು ನಿಲ್ಲುವ ಅಂಚಿನಲ್ಲೇ ಅದನ್ನು ನಿಲ್ಲಿಸಬೇಕು. ಇನ್ನೂ ತಿರುಗಿಸಿದರೆ ದೂರದ ಕ್ಷೀಣ ದನಿಗಳೂ ಒಳಗೆ ಬರುವುದಿಲ್ಲ. ಮೈಕನ್ನು ಬಾಯಿಂದ ನಾಲ್ಕೈದು ಬೆರಳಷ್ಟು ದೂರ ಹಿಡಿದು, ಗುಂಡಿ ಒತ್ತಿ ಅರೆಕ್ಷಣ ಬಿಟ್ಟು ಮಾತು ಶುರು ಮಾಡಬೇಕು. ಇಲ್ಲದಿದ್ದರೆ ಮೊದಲ ಪದ ಕಳೆದುಹೋಗುತ್ತದೆ. ಕಿರುಚಿದರೆ ದೂರ ಹೋಗುವುದಿಲ್ಲ, ದನಿ ಒಡೆಯುತ್ತದೆ ಅಷ್ಟೆ.

ಅಮೆರಿಕದಲ್ಲಿ 9ನೇ ಚಾನೆಲ್ ತುರ್ತಿಗೆ, 19 ಲಾರಿಗಳಿಗೆ ಎಂಬ ರೂಢಿಯಿದೆ. ಇಲ್ಲಿ ಅದನ್ನು ನೆಚ್ಚುವಂತಿಲ್ಲ. ಅಪಘಾತವಾದಾಗ 9ರಲ್ಲಿ ಕೂಗಿದರೆ ಓಗೊಡಲು ಯಾರೂ ಕಾದು ಕುಳಿತಿರುವುದಿಲ್ಲ. ಫೋನಿನಲ್ಲಿ 112 ಒತ್ತುವುದೇ ದಾರಿ. ಜೊತೆಯಾಗಿ ಹೊರಟ ವಾಹನಗಳು ಮೊದಲೇ ಒಂದು ಚಾನೆಲ್, ಅದು ಗದ್ದಲವಾದರೆ ಇನ್ನೊಂದು, ಎಂದು ಮಾತಾಡಿಕೊಂಡಿರಬೇಕು. ಗದ್ದಲಕ್ಕೆ ಕಾರಣವೂ ಇದೆ. ಇದೇ ಪಟ್ಟಿಯ ನಡುವೆ, 27.12 ಮೆಗಾಹರ್ಟ್ಸ್‌ನಲ್ಲಿ, ಪ್ಲಾಸ್ಟಿಕ್ ಬೆಸೆಯುವ ಯಂತ್ರಗಳೂ ಕೀಲುನೋವಿಗೆ ಶಾಖ ಕೊಡುವ ಆಸ್ಪತ್ರೆಯ ಯಂತ್ರಗಳೂ ಕೆಲಸ ಮಾಡುತ್ತವೆ. ರಿಮೋಟಿನ ಆಟಿಕೆ ಕಾರುಗಳೂ ಇಲ್ಲೇ ಓಡುತ್ತವೆ. ವಾಹನದೊಳಗಿನ ಅಗ್ಗದ ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪಗಳೂ ತಮ್ಮ ಪಾಲು ಸೇರಿಸುತ್ತವೆ. ಯಾವುದು ಕಳ್ಳ ಎಂದು ತಿಳಿಯಲು ಒಂದೊಂದನ್ನೇ ಕಿತ್ತು ನೋಡಬೇಕು.

ಮಾತು ಎಷ್ಟು ದೂರ ಹೋಗುತ್ತದೆ? ನೆಲದಿಂದ ಎರಡೂವರೆ ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವೆ, ಭೂಮಿಯ ಬಾಗು ಅಡ್ಡ ಬರುವ ಮೊದಲು, ಲೆಕ್ಕದ ಪ್ರಕಾರ ಸುಮಾರು 13 ಕಿ.ಮೀ. ಸಿಗಬೇಕು. ಗಿಡ್ಡ ಕಂಬಿ, ಗದ್ದಲ, ಏರುತಗ್ಗು ಎಲ್ಲ ಕಳೆದರೆ ಕೈಗೆ ಉಳಿಯುವುದು ಅದರ ಅರ್ಧ. ಅರಸೀಕೆರೆಯಿಂದ ಹಾಸನದ ದಾರಿಯಲ್ಲಿರುವ ಹಾರನಹಳ್ಳಿ ಎಂಟು ಕಿಲೋಮೀಟರಿನ ಆಸುಪಾಸು. ಅಲ್ಲಿನ ಚನ್ನಕೇಶವ, ಸೋಮೇಶ್ವರ ಗುಡಿಗಳ ಮುಂದೆ ನಿಂತ ಜೀಪು ಅರಸೀಕೆರೆ ಬಿಡುತ್ತಿರುವ ಇನ್ನೊಂದನ್ನು ಮಾತಾಡಿಸಬಹುದಾದರೆ ಅದು ಈ ಯಂತ್ರದ ಎಲ್ಲೆ ಮುಟ್ಟಿದಂತೆ. 16 ಕಿ.ಮೀ. ಅಂತರದ ಹಳೇಬೀಡು, ಬೇಲೂರುಗಳ ನಡುವೆ ಅದು ದಿನನಿತ್ಯ ನಡೆಯುವ ಮಾತಲ್ಲ. ಆಂಟೆನಾ ಸೆಟ್ಟಿನಲ್ಲೇ ಇರುವ ಕೈ ಸೆಟ್ಟಿಗೆ ಒಂದೆರಡು ಕಿಲೋಮೀಟರೇ ಜಾಸ್ತಿ. ಗಾಡಿಯೊಳಗೆ ಕೂತು ಮಾತಾಡಿದರೆ ತಗಡಿನ ಮೈ ಅದನ್ನೂ ಕಡಿತ ಮಾಡುತ್ತದೆ. ತೆಂಗಿನ ತೋಟಗಳು ಮಾತ್ರ ಅಂಥ ಅಡ್ಡಿಯಲ್ಲ. ಹನ್ನೊಂದು ಮೀಟರಿನ ಅಲೆ ಮರಗಳ ನಡುವೆ, ವಾಕಿಟಾಕಿಯ ಸಣ್ಣ ಅಲೆಗಿಂತ ಸುಲಭವಾಗಿ ನುಸುಳುತ್ತದೆ.

ದೂರ ಸಾಲದೆಂದು ಶಕ್ತಿ ಹೆಚ್ಚಿಸುವ ಆಸೆ ಸಹಜ. ಆದರೆ 4 ವ್ಯಾಟನ್ನು 16ಕ್ಕೆ ಏರಿಸಿದರೂ ಎದುರಿನವರ ಸೆಟ್ಟಿನಲ್ಲಿ ಸಿಗ್ನಲ್ ತೋರಿಸುವ ಮೀಟರಿನ ಮುಳ್ಳು ಏರುವುದು ಒಂದೇ ಮನೆ. ಆಂಟೆನಾವನ್ನು ಛಾವಣಿಯ ನಡುವೆ ಎತ್ತಿಟ್ಟರೆ ಅಷ್ಟು ಲಾಭ ಕಾಸಿಲ್ಲದೆ ಬರುತ್ತದೆ. ಶಕ್ತಿವರ್ಧಕ ಹಾಕುವುದು ಕಾನೂನಿಗೂ ವಿರುದ್ಧ.

ವಿಚಿತ್ರವೆಂದರೆ ಎಂಟು ಕಿಲೋಮೀಟರಿಗೆ ಏದುಸಿರು ಬಿಡುವ ಇದೇ ರೇಡಿಯೋದಲ್ಲಿ ಕೆಲವು ದಿನ ಸಾವಿರಾರು ಕಿಲೋಮೀಟರಿನಾಚೆಯ ಪರಭಾಷೆಯ ಮಾತು ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ಸೂರ್ಯನ ಕಲೆಗಳು ಹೆಚ್ಚಾದ ವರ್ಷಗಳಲ್ಲಿ, ನೆಲದಿಂದ ಮುನ್ನೂರು ಕಿಲೋಮೀಟರಿನ ಸುತ್ತ ಇರುವ ಅಯಾನುಗೋಳದ ಪದರ ದಟ್ಟವಾಗಿ, 27 ಮೆಗಾಹರ್ಟ್ಸ್‌ನ ಅಲೆಯನ್ನು ಹಗಲಿನಲ್ಲಿ ನೆಲಕ್ಕೆ ಬಾಗಿಸಿ ಕಳಿಸುತ್ತದೆ. ಸುಮಾರು 11 ವರ್ಷಕ್ಕೊಮ್ಮೆ ಬರುವ ಈ ಏರು 2024ರಲ್ಲಿ ಬಂದಿತ್ತು. ಕೇಳುಗರಿಗೆ ಇದು ಹಬ್ಬ; ಮುಂದಿನ ಗಾಡಿಯನ್ನು ಕರೆಯಬೇಕಾದವರಿಗೆ ಕಿರಿಕಿರಿ.

ಚಾಲಕ ಮಾತಾಡುವ ಹಾಗಿಲ್ಲ ಎಂಬುದನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ, ಓಡಿಸುತ್ತ ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೈಕು ಪಕ್ಕದವರ, ಲಾರಿಯಲ್ಲಾದರೆ ಕ್ಲೀನರ್‌ನ ಕೈಯಲ್ಲಿರಬೇಕು.

ಮೊಬೈಲ್ ಚೆನ್ನಾಗಿ ಸಿಗುವ ಅರಸೀಕೆರೆ, ಹಾರನಹಳ್ಳಿ ಬಯಲಿನಲ್ಲಿ ಸಿಬಿ ಹವ್ಯಾಸವೇ ಹೊರತು ಅಗತ್ಯವಲ್ಲ. ಬೇಲೂರು ದಾಟಿ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿಗೆ ಇಳಿಯುವ ಎರಡು ಮೂರು ವಾಹನಗಳಿಗೆ, ತಿರುವಿನಾಚೆ ಮರ ಬಿದ್ದಿದೆ ಎಂದು ಹಿಂದಿನವರಿಗೆ ಹೇಳಲು, ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಷ್ಟಕ್ಕೆ ಅನುಮೋದನೆ ಪಡೆದ 5 ವ್ಯಾಟ್‌ನ ಕೈ ಸೆಟ್ ಸಾಕು. ಛಾವಣಿಯ ಮೇಲೆ ಕಂಬಿ ನಿಲ್ಲಿಸಲೇಬೇಕೆನ್ನುವವರು ಡ್ರಿಲ್ ಎತ್ತಿಕೊಳ್ಳುವ ಮೊದಲು ವೈರ್‌ಲೆಸ್ ವಿಭಾಗದಿಂದ ಲಿಖಿತ ಉತ್ತರ ತರಿಸಿಕೊಳ್ಳಲಿ.