ಅಟ್ಟದ ಮೇಲಿನ ವಿಡಿಯೊ ಗೇಮ್ ಮತ್ತೆ ಆಡಿತು



ದಸರಾ ರಜೆಯಲ್ಲಿ ತಾತನ ಊರಿಗೆ ಹೋಗಿದ್ದೆ. ಅಟ್ಟದ ಮೇಲೆ ತೆಂಗಿನ ಚಿಪ್ಪಿನ ಮೂಟೆಗಳ ಹಿಂದೆ ಒಂದು ರಟ್ಟಿನ ಡಬ್ಬ ಸಿಕ್ಕಿತು. ಅದರೊಳಗೆ ಹಳದಿಗಟ್ಟಿದ ಒಂದು ಟಿ.ವಿ. ವಿಡಿಯೊ ಗೇಮ್, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು ಮತ್ತು ನಾಲ್ಕು ಕ್ಯಾಸೆಟ್ ಇದ್ದವು. ೧೯೯೬ರಲ್ಲಿ ನನ್ನ ಮಾವ ಎಂಟನೇ ಕ್ಲಾಸಿನಲ್ಲಿದ್ದಾಗ ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದರಂತೆ. ಆಗ ತಾತ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಿಂದ ಇದನ್ನು ತಂದುಕೊಟ್ಟರಂತೆ. ಮಗನ ಜೊತೆ ತಾವೂ ಕೂತು ಬಾತುಕೋಳಿ ಹೊಡೆಯುತ್ತಿದ್ದರಂತೆ. ಈಗ ತಾತನಿಗೆ ವಯಸ್ಸಾಗಿದೆ, ಹೆಚ್ಚು ಓಡಾಡುವುದಿಲ್ಲ. ಡಬ್ಬ ನೋಡಿದ್ದೇ ತಡ, "ಏನ್ ಮಗಾ, ಆ ಬಾತುಕೋಳಿ ಕ್ಯಾಸೆಟ್ ಐತಾ ನೋಡು" ಅಂದರು.

ಕ್ಯಾಸೆಟ್ ಇತ್ತು. ಆದರೆ ಹಾಕಿ ಆನ್ ಮಾಡಿದರೆ ಬರೀ ಬೂದು ಬಣ್ಣದ ಪರದೆ. ಅಲ್ಲಿಂದ ಶುರುವಾಯಿತು ನನ್ನ ರಿಪೇರಿ.

ಮೊದಲು ಈ ಯಂತ್ರ ಯಾವುದು ಅಂತ ಹೇಳಿಬಿಡುತ್ತೇನೆ. ಜಪಾನಿನ ನಿಂಟೆಂಡೊ ಕಂಪನಿಯವರು ೧೯೮೩ರ ಜುಲೈ ೧೫ರಂದು 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ಬಿಟ್ಟರು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್. ೧೯೯೦ರ ದಶಕದಲ್ಲಿ ನಮ್ಮ ಕಡೆ ಮನೆ ಮನೆಗೆ ಬಂದದ್ದು ಹೆಚ್ಚಾಗಿ ಅದರ ನಕಲುಗಳು. ನಮ್ಮದೂ ಅಂಥದ್ದೇ. ಅಸಲಿ ಯಂತ್ರದ ಕೆಲಸದ ನೆನಪು ಬರೀ ೨ ಕಿಲೋಬೈಟ್! ನಾನು ಬರೆದ ಈ ಲೇಖನ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಹಾಗಾದರೆ ಆಟ ಎಲ್ಲಿರುತ್ತದೆ? ಕ್ಯಾಸೆಟ್‌ನಲ್ಲಿ. ಹೆಸರಿಗೆ ಕ್ಯಾಸೆಟ್ ಅಷ್ಟೆ, ಒಳಗೆ ಟೇಪು ಇರುವುದಿಲ್ಲ, ಚಿಪ್ಪು ಇರುತ್ತದೆ. ಕ್ಯಾಸೆಟ್‌ನ ಬಾಯಲ್ಲಿ ಸಾಲಾಗಿ ೬೦ ಲೋಹದ ಪಟ್ಟಿಗಳಿವೆ. ಅವು ಯಂತ್ರದ ಬಾಯಲ್ಲಿರುವ ೬೦ ಪಿನ್ನುಗಳಿಗೆ ತಾಗಬೇಕು. ಒಂದೆರಡು ಮುಖ್ಯವಾದವು ತಾಗದಿದ್ದರೂ ಯಂತ್ರಕ್ಕೆ ಆಟವನ್ನು ಸರಿಯಾಗಿ ಓದಲು ಆಗುವುದಿಲ್ಲ. ಯಂತ್ರ ಸತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಅದಕ್ಕೆ ಕೊಳೆ ಹಿಡಿದಿರುತ್ತದೆ ಅಷ್ಟೆ.

ಮಾವನಿಗೆ ಫೋನ್ ಮಾಡಿದರೆ "ಕ್ಯಾಸೆಟ್ ತೆಗೆದು ಉಫ್ ಅಂತ ಊದೋ, ಬರ್ತದೆ" ಅಂದರು. ಆ ಕಾಲದವರೆಲ್ಲ ಹೀಗೇ ಮಾಡುತ್ತಿದ್ದರಂತೆ. ನಿಮ್ಮ ಮನೆಯಲ್ಲೂ ಕೇಳಿ ನೋಡಿ. ಆದರೆ ಇದು ತಪ್ಪು. ನಮ್ಮ ಉಸಿರಿನಲ್ಲಿ ತೇವ ಇರುತ್ತದೆ, ಜೊತೆಗೆ ಎಂಜಲೂ ಸಿಡಿಯುತ್ತದೆ. ಆ ತೇವದಿಂದ ಲೋಹ ನಿಧಾನವಾಗಿ ಕಿಲುಬು ಹಿಡಿಯುತ್ತದೆ. ಹಾಗಾದರೆ ಊದಿದ ಮೇಲೆ ಆಟ ಬರುತ್ತಿತ್ತಲ್ಲ, ಅದು ಹೇಗೆ? ಊದಲು ಕ್ಯಾಸೆಟ್ಟನ್ನು ಹೊರಗೆ ತೆಗೆದು ಮತ್ತೆ ಹಾಕುತ್ತಿದ್ದರಲ್ಲ, ಆ ತಿಕ್ಕಾಟಕ್ಕೇ ಪಿನ್ನು ಸ್ವಲ್ಪ ಉಜ್ಜಿಕೊಂಡು ಸರಿಯಾಗಿ ತಾಗುತ್ತಿತ್ತು. ಹೆಸರು ಮಾತ್ರ ಊದಿದವರಿಗೆ!

ಬಿಚ್ಚುವ ಮೊದಲು ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಬೇಕು. ಅಡಾಪ್ಟರನ್ನು ಮಾತ್ರ ಯಾರೂ ಬಿಚ್ಚಬೇಡಿ, ಅದರೊಳಗೆ ಬರುವುದು ೨೩೦ ವೋಲ್ಟ್. ನಮ್ಮದು ಅದನ್ನು ೯ ವೋಲ್ಟ್‌ಗೆ ಇಳಿಸಿ ಕೊಡುತ್ತದೆ. ಯಂತ್ರದೊಳಗೆ ಮೂರು ಕಾಲಿನ ೭೮೦೫ ಎಂಬ ಪುಟ್ಟ ಬಿಡಿಭಾಗ ಅದನ್ನು ಇನ್ನೂ ಇಳಿಸಿ ೫ ವೋಲ್ಟ್ ಮಾಡುತ್ತದೆ. ನಮ್ಮ ಅಡಾಪ್ಟರಿನ ವೈರು ಇಲಿ ಕಡಿದಿತ್ತು. ಅದನ್ನು ತಿಪಟೂರಿನ ರೇಡಿಯೊ ರಿಪೇರಿ ಅಂಗಡಿಯವರು ಸರಿಮಾಡಿಕೊಟ್ಟರು. ಬೇರೆ ಅಡಾಪ್ಟರ್ ಹಾಕುವುದಾದರೆ ಪ್ಲಸ್ ಒಳಗೋ ಹೊರಗೋ ಅಂತ ನೋಡಿ ಹಾಕಬೇಕು, ಉಲ್ಟಾ ಆದರೆ ಯಂತ್ರ ಸುಟ್ಟು ಹೋಗಬಹುದು ಅಂತ ಅವರೇ ಹೇಳಿದ್ದು.

ತಿರುಪುಗಳನ್ನು ಬಿಚ್ಚಿ ಒಂದು ಲೋಟದಲ್ಲಿ ಹಾಕಿಟ್ಟೆ. ಒಳಗೆ ಜೇಡರ ಬಲೆ, ಇರುವೆ ಮಣ್ಣು, ಹಲ್ಲಿ ಮೊಟ್ಟೆಯ ಚಿಪ್ಪು! ಸರ್ಕ್ಯೂಟ್ ಹಲಗೆಯನ್ನು ಒಣಗಿದ ಪೇಂಟ್ ಬ್ರಶ್ಶಿನಿಂದ ಮೆಲ್ಲಗೆ ಗುಡಿಸಿದೆ. ಹಲಗೆ ಹೊರಗೆ ತೆಗೆದ ಮೇಲೆ ಪ್ಲಾಸ್ಟಿಕ್ ಮೈಯನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಹಳದಿ ಹೋಗಲಿಲ್ಲ. ಅದು ಕೊಳೆಯಲ್ಲ, ಬಿಸಿಲಿಗೂ ವಯಸ್ಸಿಗೂ ಪ್ಲಾಸ್ಟಿಕ್ಕೇ ಬಣ್ಣ ಬದಲಾಯಿಸಿರುವುದು. ಇರಲಿ ಬಿಡಿ, ತಾತನ ಪಂಚೆಯೂ ಅದೇ ಬಣ್ಣ.

ಪಿನ್ನು ಒರೆಸಲು ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐ.ಪಿ.ಎ. ಅಂತ ಕೇಳಿದರೆ ಗೊತ್ತಾಗುತ್ತದೆ. ಕೊರೊನಾ ಕಾಲದಲ್ಲಿ ತಂದ ಸ್ಯಾನಿಟೈಸರ್ ಆಗದು, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟಂಟಾಗುತ್ತದೆ. ಐ.ಪಿ.ಎ. ಬೇಗ ಹೊತ್ತಿಕೊಳ್ಳುತ್ತದೆ, ಒಲೆ ಹತ್ತಿರ ಇಡಬೇಡಿ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ತೆಳ್ಳನೆ ಬಟ್ಟೆ ಸುತ್ತಿ, ಐ.ಪಿ.ಎ.ಯಲ್ಲಿ ಸ್ವಲ್ಪವೇ ನೆನೆಸಿ, ಯಂತ್ರದ ಬಾಯಲ್ಲಿ ನಾಲ್ಕೈದು ಸಲ ಇಳಿಸಿ ಎತ್ತಿದೆ. ಬಟ್ಟೆ ಕಪ್ಪಗಾಯಿತು. ಮೂರು ಬಟ್ಟೆ ಬದಲಾಯಿಸಿದ ಮೇಲೆ ಬಿಳಿಯಾಗಿ ಬಂತು. ರಿಮೋಟಿನ ಗುಂಡಿಗಳ ಕೆಳಗಿನ ರಬ್ಬರಿನಲ್ಲಿ ಕರೀ ಬೊಟ್ಟುಗಳಿರುತ್ತವೆ. ಒತ್ತಿದಾಗ ಕರೆಂಟ್ ದಾಟಿಸುವುದು ಅವೇ. ಅವನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೂರು ಕ್ಯಾಸೆಟ್ ಸುಲಭವಾಗಿ ಬಂದವು. ಬಾತುಕೋಳಿಯದು ಮಾತ್ರ ಬರಲಿಲ್ಲ. ಇಲ್ಲೇ ನಾನು ದೊಡ್ಡ ತಪ್ಪು ಮಾಡ್ಬಿಟ್ಟೆ. ಅವಸರದಲ್ಲಿ ಬಡಗಿ ಕೆಲಸದ ಉಪ್ಪುಕಾಗದ ತಂದು ಪಟ್ಟಿಗಳನ್ನು ಗಸಗಸ ತಿಕ್ಕಿದೆ. ಫಳಫಳ ಹೊಳೆಯಿತು, ಆಟವೂ ಬಂತು! ಕುಣಿದಾಡಿದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಬೂದು ಪರದೆ. ಆ ಪಟ್ಟಿಗಳ ತಾಮ್ರದ ಮೇಲೆ ತೆಳ್ಳನೆಯ ಲೇಪನ ಇರುತ್ತದೆ, ತಾಮ್ರ ಕಪ್ಪಾಗದಂತೆ ಕಾಯುವುದೇ ಅದು. ನಾನು ಅದನ್ನೇ ಕೆರೆದು ಹಾಕಿದ್ದೆ. ತಾತನಿಗೆ ಹೇಳಲು ಭಯವಾಯಿತು. ಒಂದು ರಾತ್ರಿ ಸುಮ್ಮನಿದ್ದು ಬೆಳಿಗ್ಗೆ ಹೇಳಿದೆ. ತಾತ ಬೈಯಲಿಲ್ಲ, "ನಿಮ್ಮಾವನೂ ಕಾಲು ಮುರ್ಕಂಡಾಗ ಹಿಂಗೇ ರಾತ್ರಿಯೆಲ್ಲ ನೋವು ಹೇಳ್ದೆ ಮಲಗಿದ್ದ" ಅಂದರು. ನನಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಐ.ಪಿ.ಎ. ಹಚ್ಚಿದರೆ ಸಾಕಾಗಿತ್ತು. ಈಗ ಆ ಕ್ಯಾಸೆಟ್ಟನ್ನು ಆಡುವ ಮುಂಚೆ ಪ್ರತಿ ಸಲವೂ ಒರೆಸಬೇಕು.

ಕೊನೆಗೆ ಬಂದೂಕು. ನಮ್ಮ ಹೊಸ ತೆಳ್ಳನೆ ಟಿ.ವಿ.ಯಲ್ಲಿ ಎಷ್ಟು ಹೊಡೆದರೂ ಒಂದು ಬಾತೂ ಬೀಳಲಿಲ್ಲ. ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಬಿಳೀ ಚೌಕ ಮೂಡುತ್ತದೆ. ಬಂದೂಕು ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಹೊಸ ಟಿ.ವಿ.ಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟರಲ್ಲಿ ಯಂತ್ರ ಲೆಕ್ಕ ಮುಗಿಸಿರುತ್ತದೆ. ಹಾಗಾಗಿ ಮಾವನ ಮನೆಯಲ್ಲಿದ್ದ ಡಬ್ಬಾ ಟಿ.ವಿ.ಯನ್ನು ಆಟೋದಲ್ಲಿ ತರಿಸಿದೆವು.

ತಾತ ಕನ್ನಡಕ ಹಾಕಿಕೊಂಡು ಕೂತರು. ಹತ್ತರಲ್ಲಿ ಎರಡು ಬಾತು ಬಿದ್ದವು. ಗುರಿ ತಪ್ಪಿದಾಗ ಆ ಆಟದಲ್ಲಿ ಒಂದು ನಾಯಿ ಎದ್ದು ಕಿಸಕಿಸ ನಗುತ್ತದೆ. ತಾತ ಅದಕ್ಕೆ "ಥೂ ನಿನ್ನ, ಇನ್ನೂ ಬದುಕಿದ್ದೀಯಾ!" ಅಂದರು.

ನಿಮ್ಮ ಯಾರ ಮನೆ ಅಟ್ಟದಲ್ಲಾದರೂ ಇಂಥ ೬೦ ಪಟ್ಟಿಯ ಹಳೇ ಬಾತುಕೋಳಿ ಕ್ಯಾಸೆಟ್ ಇದ್ದರೆ ೯ನೇ ತರಗತಿಗೆ ತಂದುಕೊಡಿ, ಒರೆಸಿಕೊಡುತ್ತೇನೆ. ಸಂಕ್ರಾಂತಿಗೆ ತಾತನ ಊರಿಗೆ ಒಯ್ದು ವಾಪಸ್ ತರುತ್ತೇನೆ. ತರುವಾಗ ಊದಬೇಡಿ.

— ೯ನೇ ತರಗತಿಯ ಒಬ್ಬ ವಿದ್ಯಾರ್ಥಿ