ಫ್ಲಾರೆನ್ಸಿನ ಚೀಟಿಯ ಸಂಚಿಯೂ ಮೆಕಿಯವೆಲ್ಲಿಯ ಗಣರಾಜ್ಯ ವಿಚಾರವೂ

ಪುನರುಜ್ಜೀವನ ಯುಗದ ರಾಜಕೀಯ ಚಿಂತನೆಯೆಂದೊಡನೆ ನಮ್ಮ ಕಾಲೇಜುಗಳಲ್ಲಿ ಮೆಕಿಯವೆಲ್ಲಿಯ ‘ಪ್ರಿನ್ಸ್’ ಒಂದನ್ನೇ ನೆನೆಯುವ ವಾಡಿಕೆಯುಂಟು. ಅವನೇ ರಚಿಸಿದ, ಗಾತ್ರದಲ್ಲಿ ಅದಕ್ಕಿಂತ ಬಹು ಹಿರಿದಾದ ‘ಡಿಸ್ಕೋರ್ಸಸ್’ ಗಣರಾಜ್ಯವನ್ನು ಕುರಿತದ್ದು. ಲಿವಿಯ ರೋಮನ್ ಇತಿಹಾಸದ ಮೊದಲ ಹತ್ತು ಪುಸ್ತಕಗಳ ಮೇಲಣ ವಿಚಾರಗಳೆಂಬ ರೂಪದಲ್ಲಿದ್ದರೂ ಅದರ ಬೇರುಗಳು ಫ್ಲಾರೆನ್ಸ್ ನಗರದ ಅನುಭವದಲ್ಲಿವೆ. ಆ ಅನುಭವವನ್ನರಿಯದೆ ಓದಿದವರಿಗೆ ಅವನ ಮುಖ್ಯ ಪ್ರತಿಪಾದನೆಯು ಬರಿಯ ವೈಚಿತ್ರ್ಯವಾಗಿ ತೋರುವುದು. ಆದುದರಿಂದ ಆ ನಗರದಲ್ಲಿ ಅಧಿಕಾರವು ಯಾರ ಕೈಯಲ್ಲಿತ್ತೆಂಬುದನ್ನು ಮೊದಲು ನೋಡಬೇಕು.

ಫ್ಲಾರೆನ್ಸಿನ ಪರಮಾಧಿಕಾರ ಮಂಡಲಿಗೆ ಸಿನ್ಯೋರಿಯ ಎಂದು ಹೆಸರು. ಎಂಟು ಮಂದಿ ಸದಸ್ಯರೂ ಗೊನ್ಫಲೊನಿಯೆರೆ ಎಂಬ ಅಧ್ಯಕ್ಷನೂ ಸೇರಿ ಒಂಬತ್ತು ಜನ. ಅವರ ಅವಧಿ ಕೇವಲ ಎರಡು ತಿಂಗಳು. ವೃತ್ತಿಶ್ರೇಣಿಗಳಿಗೆ ಸೇರಿದವರಲ್ಲಿ ಅರ್ಹರೆಂದು ಪರಿಶೀಲನೆಯಲ್ಲಿ ಗೆದ್ದವರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಸಂಚಿಗಳಲ್ಲಿರಿಸಿ, ಅವಧಿಗೊಮ್ಮೆ ಎತ್ತುತ್ತಿದ್ದರು. ತೆರಿಗೆಯ ಬಾಕಿಯಿದ್ದವನಿಗೂ, ತಾನೋ ತನ್ನ ಬಂಧುವೋ ಇತ್ತೀಚೆಗೆ ಅಧಿಕಾರದಲ್ಲಿದ್ದವನಿಗೂ, ಚೀಟಿ ಬಂದರೂ ಸ್ಥಾನವಿಲ್ಲ. ಯಾವ ಮನೆತನವೂ ಅಧಿಕಾರದಲ್ಲಿ ಬೇರೂರಬಾರದೆಂಬುದೇ ಇದರ ಉದ್ದೇಶ. ಶ್ರೇಣಿಗಳ ಹೊರಗಿದ್ದ ಉಣ್ಣೆಯ ಕೂಲಿಕಾರರಿಗೂ ಸ್ತ್ರೀಯರಿಗೂ ಇದರಲ್ಲಿ ಪಾಲಿರಲಿಲ್ಲ. 1378ರಲ್ಲಿ ಆ ಕೂಲಿಕಾರರು ದಂಗೆಯೆದ್ದು ಪಡೆದ ಸ್ಥಾನವು ಬಹುಕಾಲ ಉಳಿಯಲಿಲ್ಲ.

ಅಧಿಕಾರವನ್ನು ಪಡೆಯುವ ಆಸೆಯು ಪೌರರೆಲ್ಲರಿಗೂ ಸಮಾನವಾಗಿ ತೆರೆದಿರುವುದೇ ಫ್ಲಾರೆನ್ಸಿನ ಸ್ವಾತಂತ್ರ್ಯವೆಂದು ಲಿಯೊನಾರ್ಡೊ ಬ್ರೂನಿಯು 1428ರ ತನ್ನ ಚರಮಭಾಷಣದಲ್ಲಿ ಕೊಂಡಾಡಿದನು. ಹಾನ್ಸ್ ಬ್ಯಾರನ್ ಅವರು 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಪೌರ ಮಾನವತಾವಾದ’ವನ್ನು ಗುರುತಿಸಿದುದು ಇಂತಹ ಬರಹಗಳಿಂದಲೇ. ಆದರೆ 1434ರಲ್ಲಿ ಕೊಸಿಮೊ ದ ಮೆದಿಚಿಯು ಗಡೀಪಾರಿನಿಂದ ಹಿಂದಿರುಗಿ ನಗರದ ಒಡೆಯನಾದ ಮೇಲೆಯೂ ಬ್ರೂನಿಯು ಚಾನ್ಸೆಲರನಾಗಿ ಮುಂದುವರಿದು, 1444ರಲ್ಲಿ ಅದೇ ಪದವಿಯಲ್ಲಿ ಕಾಲವಾದನು. ಕೊಸಿಮೊ ಕಿರೀಟವನ್ನು ಧರಿಸಲಿಲ್ಲ, ಸಿನ್ಯೋರಿಯವನ್ನು ರದ್ದುಪಡಿಸಲೂ ಇಲ್ಲ. ಸಂಚಿಗೆ ಹೆಸರು ತುಂಬುವ ಅಕ್ಕೊಪ್ಪಿಯತೋರಿ ಎಂಬ ಅಧಿಕಾರಿಗಳು ತನ್ನ ಪಕ್ಷದವರಾಗಿರುವಂತೆ ನೋಡಿಕೊಂಡನು, ಅಷ್ಟೆ. ಅವರು ತಮಗೆ ಬೇಕಾದ ಕೆಲವೇ ಹೆಸರುಗಳನ್ನು ಒಳಗಿರಿಸುತ್ತಿದ್ದರು. ಚೀಟಿಯೆತ್ತುವ ವಿಧಿ ಎಂದಿನಂತೆಯೇ ನಡೆಯುತ್ತಿತ್ತು. ಫಲ ಮಾತ್ರ ಬಹುಮಟ್ಟಿಗೆ ಮೊದಲೇ ನಿಶ್ಚಿತವಾಗಿರುತ್ತಿತ್ತು. ನಡುನಡುವೆ ವಿರೋಧ ತಲೆಯೆತ್ತಿದರೂ 1494ರವರೆಗೆ ಮೆದಿಚಿಗಳ ಹಿಡಿತವು ಹೀಗೆ ಸಾಗಿತು. ನಿಕೊಲಾಯ್ ರೂಬಿನ್‌ಸ್ಟೈನ್ ಅವರ 1966ರ ಅಧ್ಯಯನವು ಈ ತಂತ್ರವನ್ನು ಮೂಲ ದಾಖಲೆಗಳಿಂದ ಬಿಡಿಸಿ ತೋರಿಸಿತು. ಬ್ಯಾರನ್ನರನ್ನು ಓದುವ ವಿದ್ಯಾರ್ಥಿಯು ಈ ಗ್ರಂಥವನ್ನು ಪಕ್ಕದಲ್ಲಿರಿಸಿಕೊಂಡೇ ಓದಬೇಕೆಂದು ನಾನು ಭಾವಿಸುತ್ತೇನೆ.

1494ರಲ್ಲಿ ಮೆದಿಚಿಗಳನ್ನು ಹೊರದೂಡಿದ ಮೇಲೆ, ಸವೊನರೋಲನ ಪ್ರೋತ್ಸಾಹದಿಂದ ಮೂರು ಸಾವಿರಕ್ಕೂ ಮಿಕ್ಕ ಪೌರರಿಗೆ ಸ್ಥಾನವಿದ್ದ ಮಹಾಸಭೆಯೊಂದು ಏರ್ಪಟ್ಟಿತು. ಅಧಿಕಾರಿಗಳ ಆಯ್ಕೆಯು ಅದರ ಪಾಲಿಗೆ ಬಂದಿತು. ಮೆಕಿಯವೆಲ್ಲಿಯು 1498ರಿಂದ ಹದಿನಾಲ್ಕು ವರ್ಷ ಈ ಸರಕಾರದ ಕಾರ್ಯದರ್ಶಿ. 1512ರಲ್ಲಿ ಸ್ಪೇನಿನ ಸೈನ್ಯವು ನೆರೆಯ ಪ್ರಾತೊ ಪಟ್ಟಣವನ್ನು ಸೂರೆಗೊಂಡಾಗ ಅವನು ಕಟ್ಟಿದ ನಾಡಪಡೆ ನಿಲ್ಲಲಿಲ್ಲ. ಮೆದಿಚಿಗಳು ಮರಳಿದರು; ಮಹಾಸಭೆ ಅಳಿಯಿತು; ಮರುವರ್ಷ ಅವನು ಸೆರೆಯಲ್ಲಿ ಚಿತ್ರಹಿಂಸೆಗೆ ಗುರಿಯಾದನು.

ಈ ಹಿನ್ನೆಲೆಯಲ್ಲಿ ‘ಡಿಸ್ಕೋರ್ಸಸ್’ನ ಪ್ರತಿಪಾದನೆಯನ್ನು ಪರಿಶೀಲಿಸಬೇಕು. ಒಮ್ಮತವೇ ರಾಜ್ಯದ ಆರೋಗ್ಯವೆಂಬುದು ಸಿಸೆರೊವಿನ ಕಾಲದಿಂದ ಬಂದ ನಂಬಿಕೆ. ಮೆಕಿಯವೆಲ್ಲಿಯಾದರೋ ಸೆನೆಟ್ಟಿಗೂ ಸಾಮಾನ್ಯ ಜನರಿಗೂ ನಡೆದ ಕಲಹಗಳೇ ರೋಮನ್ನು ಸ್ವತಂತ್ರವಾಗಿಸಿದವೆಂದನು. ಕುಲೀನರ ಬಯಕೆ ಆಳುವುದು. ಜನರ ಬಯಕೆ ಇತರರ ದಬ್ಬಾಳಿಕೆಗೆ ಒಳಗಾಗದಿರುವುದು. ಆದುದರಿಂದ ಸ್ವಾತಂತ್ರ್ಯದ ಕಾವಲು ಜನರಲ್ಲಿರಬೇಕು. ರೋಮಿನಲ್ಲಿ ಆ ಕಾವಲಿಗೆ ಟ್ರಿಬ್ಯೂನರಿದ್ದರು. ಅವರಿಗೆ ಅಧಿಕಾರಿಗಳ ಕಾರ್ಯವನ್ನು ತಡೆಯುವ ಹಕ್ಕಿತ್ತು. ಅವನು ಕಲಹವನ್ನೆಲ್ಲ ಹೊಗಳಿದನೆಂಬುದು ಸರಿಯಲ್ಲ. ಭೂಮಿಯ ಹಂಚಿಕೆಯ ಕಾಯಿದೆಯಿಂದ ಹುಟ್ಟಿದ ಜಗಳವು ಕಡೆಗೆ ರೋಮಿನ ಸ್ವಾತಂತ್ರ್ಯವನ್ನೇ ನುಂಗಿತೆಂದು ಅವನೇ ಹೇಳುತ್ತಾನೆ. ರೋಮಿನ ಹಳೆಯ ಕಲಹವು ಕಾಯಿದೆಯಲ್ಲಿ ಮುಗಿಯಿತು, ಫ್ಲಾರೆನ್ಸಿನದು ಸೋತವರ ಗಡೀಪಾರಿನಲ್ಲಿ ಎಂಬ ಭೇದವನ್ನು ‘ಫ್ಲಾರೆನ್ಸಿನ ಇತಿಹಾಸ’ದಲ್ಲಿ ತೋರಿಸುತ್ತಾನೆ. ಅವನ ಮಿತ್ರನೂ ಕುಲೀನನೂ ಆದ ಗ್ವಿಚ್ಚಾರ್ದೀನಿಯು ಒಪ್ಪಲಿಲ್ಲ. ಔಷಧ ಒಳ್ಳೆಯದೆಂದು ರೋಗವನ್ನು ಹೊಗಳಿದಂತಾಯಿತೆಂದು ಟೀಕಿಸಿದನು. ಟೀಕೆ ಚುರುಕಾಗಿದೆ. ಆದರೆ ಸಂಚಿಯನ್ನು ತುಂಬುವವರನ್ನು ತಡೆಯುವವರಾರೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

1520ರ ಸುಮಾರಿಗೆ ಕಾರ್ಡಿನಲ್ ಜೂಲಿಯೊ ದ ಮೆದಿಚಿಯ ಅಪೇಕ್ಷೆಯಂತೆ, ಪೋಪ್ ಹತ್ತನೆಯ ಲಿಯೋವನ್ನುದ್ದೇಶಿಸಿ, ಮೆಕಿಯವೆಲ್ಲಿಯು ನಗರದ ಸರಕಾರಕ್ಕೊಂದು ಕರಡನ್ನು ಬರೆದನು. ಸಾವಿರ, ಕಡೆಯ ಪಕ್ಷ ಆರುನೂರು ಪೌರರ ಮಹಾಸಭೆಯನ್ನು ಮತ್ತೆ ತೆರೆಯಬೇಕು. ಸಿನ್ಯೋರಿಯದ ನಿರ್ಣಯವನ್ನು ತಡೆದು ದೊಡ್ಡ ಸಭೆಯ ಮುಂದೊಯ್ಯಬಲ್ಲ ಪ್ರತಿನಿಧಿಗಳು ಅದರ ಬಳಿಯಲ್ಲೇ ಇರಬೇಕು ಎಂದನು. ಇವರು ರೋಮಿನ ಟ್ರಿಬ್ಯೂನರ ನೆರಳೇ ಸರಿ. ಅದೇ ಕರಡಿನಲ್ಲಿ, ಮೆದಿಚಿಗಳ ಮಿತ್ರರ ಹೆಸರುಗಳು ಸಂಚಿಯನ್ನು ಸೇರುವಂತೆ ಗುಟ್ಟಾಗಿ ನೋಡಿಕೊಳ್ಳಲು ಪೋಪನು ಎಂಟು ಮಂದಿ ಅಕ್ಕೊಪ್ಪಿಯತೋರಿಯನ್ನು ನೇಮಿಸಬಹುದೆಂದೂ ಬರೆದನು. ಇದನ್ನು ಹೇಡಿತನವೆನ್ನುವವರುಂಟು. ಅವರಿಗೆ ಯಾರ ಹೆಸರನ್ನೂ ತೆಗೆಯುವ ಅಧಿಕಾರವಿರಕೂಡದೆಂದು ಅವನು ವಿಧಿಸಿದುದನ್ನೂ ಲಕ್ಷಿಸಬೇಕು: ಸಂಚಿಯನ್ನು ಕಿರಿದುಗೊಳಿಸುವ ಹಳೆಯ ತಂತ್ರಕ್ಕೆ ಅಲ್ಲಿ ಎಡೆಯಿರಲಿಲ್ಲ. ಕರಡು ಜಾರಿಗೆ ಬರಲಿಲ್ಲ.

ಮೆಕಿಯವೆಲ್ಲಿ 1527ರಲ್ಲಿ ತೀರಿಕೊಂಡನು. ‘ಡಿಸ್ಕೋರ್ಸಸ್’ 1531ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಮುದ್ರಕನಿಗೆ ಅನುಮತಿಯಿತ್ತ ಪೋಪ್ ಏಳನೆಯ ಕ್ಲೆಮೆಂಟನು, ಹಿಂದೆ ಕರಡನ್ನು ಕೇಳಿದ ಜೂಲಿಯೊ ದ ಮೆದಿಚಿಯೇ. ಮರುವರ್ಷ ಅವನ ಮನೆತನದ ಅಲೆಸ್ಸಾಂದ್ರೊ ಫ್ಲಾರೆನ್ಸಿನ ಡ್ಯೂಕನಾದನು, ಸಿನ್ಯೋರಿಯವು ರದ್ದಾಯಿತು.