ಗಾಳಿಯಿಲ್ಲದ ದಿನದ ಹಾಯಿಪಾಠ

ಕಡಲಿಗೂ ಘಟ್ಟಕ್ಕೂ ನಡುವೆ ಹಬ್ಬಿದ ಸೀಮೆ ಕುಂದಾಪುರದ್ದು. ಘಟ್ಟದ ಕಡೆಗಿರುವ ಕೆರಾಡಿಯ ಹತ್ತು ಮಂದಿ ಹುಡುಗ ಹುಡುಗಿಯರು ಒಂದು ಶನಿವಾರ ಬೆಳಗ್ಗೆ ಗಂಗೊಳ್ಳಿಯ ಹಿನ್ನೀರಿನ ಬಳಿಗೆ ಬಂದರೆಂದು ಊಹಿಸಿಕೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಕಡಲನ್ನು ಸೇರುವ ಪಂಚಗಂಗಾವಳಿ ಇಲ್ಲಿಯೇ ಇದೆ. ಅವರು ಬಂದದ್ದು ಹಾಯಿಹಲಗೆಯ ಸವಾರಿಯನ್ನು, ಎಂದರೆ ವಿಂಡ್‌ಸರ್ಫಿಂಗ್ ಎಂಬ ಆಟವನ್ನು ಕಲಿಯುವುದಕ್ಕಾಗಿ. ಕಲಿಸುವವರಿಗೂ ಇದು ಮೊದಲನೆಯ ಪಾಠ. ಆದರೆ ನೀರು ಕನ್ನಡಿಯಂತೆ ನಿಶ್ಚಲವಾಗಿದೆ. ತೆಂಗಿನ ಗರಿಯೂ ಅಲುಗದು. ಪಾಠವನ್ನು ಕೈಬಿಡಬೇಕೆ?

ಬಿಡಬೇಕಾದುದಿಲ್ಲ. ಗಾಳಿಯಿಲ್ಲದ ದಿನವೇ ಮೊದಲ ಪಾಠಕ್ಕೆ ತಕ್ಕ ದಿನವೆಂಬುದನ್ನು ವಿಜ್ಞಾನವು ತೋರಿಸಿಕೊಡುತ್ತದೆ.

ಗಾಳಿ ನಿಂತುದೇಕೆ? ನೆಲವು ಬೇಗನೆ ಕಾಯುತ್ತದೆ, ಬೇಗನೆ ತಣಿಯುತ್ತದೆ. ಕಡಲು ಎರಡರಲ್ಲಿಯೂ ನಿಧಾನ. ರಾತ್ರಿ ತಣಿದ ನೆಲದ ಮೇಲಿನ ಭಾರವಾದ ಗಾಳಿಯು ಕಡಲಿನ ಕಡೆಗೆ ಹರಿಯುತ್ತದೆ, ಇದು ನೆಲಗಾಳಿ. ಬಿಸಿಲೇರಿದ ಮೇಲೆ ನೆಲದ ಗಾಳಿ ಹಗುರಾಗಿ ಮೇಲೇರಲು, ಕಡಲಿನ ತಂಪುಗಾಳಿ ಆ ಎಡೆಯನ್ನು ತುಂಬಲು ಬರುತ್ತದೆ, ಇದು ಕಡಲಗಾಳಿ. ಒಂದು ನಿಂತು ಇನ್ನೊಂದು ಮೊದಲಾಗುವ ನಡುವೆ, ಎರಡು ಕಡೆಯ ಉಷ್ಣತೆಯೂ ಹೆಚ್ಚುಕಡಮೆ ಸಮನಾದಾಗ, ಗಾಳಿ ಸ್ತಬ್ಧವಾಗುತ್ತದೆ. ಮೋಡ ಕವಿದು ನೆಲವು ಕಾಯದಿದ್ದರೆ ಈ ಸ್ತಬ್ಧತೆ ದಿನವೆಲ್ಲ ಉಳಿಯಲೂಬಹುದು. ಯಂತ್ರದೋಣಿಗಳು ಬರುವುದಕ್ಕೆ ಮೊದಲು ಹಾಯಿದೋಣಿಯ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದುದು ಈ ಲೆಕ್ಕಾಚಾರವನ್ನು ನಂಬಿಯೇ.

ಇನ್ನು ಗಾಳಿಯ ಬಲವನ್ನು ನೋಡೋಣ. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದ ಗಾಳಿಯು 3 ಚದರ ಮೀಟರಿನ ಮಕ್ಕಳ ಹಾಯಿಯ ಮೇಲೆ ಸುಮಾರು ಮುಕ್ಕಾಲು ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕುತ್ತದೆ. ವೇಗವು ಮೂರು ಪಟ್ಟಾಗಿ 6 ಮೀಟರ್ ಆಯಿತೆನ್ನಿ. ಬಲವು ಒಂಬತ್ತು ಪಟ್ಟಾಗಿ ಆರೂವರೆ ಕಿಲೋಗ್ರಾಮಿಗೆ ಏರುತ್ತದೆ. ಇನ್ನೂ ಹಲಗೆಯ ಮೇಲೆ ನಿಲ್ಲಲರಿಯದ ಮಗುವನ್ನು ನೀರಿಗೆ ಕೆಡಹಲು ಇಷ್ಟು ಸಾಕು.

ಆದುದರಿಂದ ಮೊದಲು ಕಲಿಯಬೇಕಾದುದು ನಿಲ್ಲುವುದನ್ನು. ದೇಹದ ಗುರುತ್ವಕೇಂದ್ರವು ಹಲಗೆಯ ನಡುಗೆರೆಯ ಮೇಲೆ ಇರಬೇಕು. ಮೊಣಕಾಲು ತುಸು ಬಾಗಿರಬೇಕು. ಬಳಿಕ ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗದಿಂದ ಎತ್ತುವುದು. ಹಾಯಿಯ ಮೇಲೆ ನೀರು ನಿಂತಿರುವುದರಿಂದ ಅದು ಬಲು ಭಾರ. ಬೆನ್ನನ್ನು ನೆಟ್ಟಗಿರಿಸಿ, ಕಾಲುಗಳ ಬಲದಿಂದ ಮೆಲ್ಲಗೆ ಎತ್ತಿದರೆ ನೀರು ಜಾರಿಹೋಗಿ ಹಾಯಿ ಹಗುರಾಗುತ್ತದೆ.

ಮೂರನೆಯ ಪಾಠ ಮರಳಿನ ಮೇಲೆ. ಈ ಹಲಗೆಗೆ ಚುಕ್ಕಾಣಿಯಿಲ್ಲ. ಹಾಯಿಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಕೀಲೊಂದಿದೆ. ತಿರುಗಿಸುವ ಗುಟ್ಟೆಲ್ಲ ಅದರಲ್ಲಿದೆ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಗಾಳಿಯ ಬಲವು ಮುಂಭಾಗದಲ್ಲಿ ಬಿದ್ದು ಹಲಗೆಯ ಮೂತಿ ಗಾಳಿಗೆ ವಿಮುಖವಾಗುತ್ತದೆ. ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಶಿಕ್ಷಕರು ಹಾಯಿಯ ಅಂಚನ್ನು ಹಿಡಿದೆಳೆದು ತಾವೇ ಗಾಳಿಯಾದರೆ ಶಿಷ್ಯನ ಕೈಗೆ ಆ ಸೆಳೆತದ ಪರಿಚಯವಾಗುತ್ತದೆ. ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ 1958ರಲ್ಲಿ ಇಂತಹ ಹಲಗೆಯೊಂದನ್ನು ಮಾಡಿಕೊಂಡವನು ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ. ಅಮೆರಿಕದ ಹಾಯ್ಲ್ ಶ್ವೈಟ್ಸರ್ ಮತ್ತು ಜಿಮ್ ಡ್ರೇಕ್ ಪೇಟೆಂಟಿಗೆ ಅರ್ಜಿ ಹಾಕಿದುದು 1968ರಲ್ಲಿ. ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಎಡೆ ದೊರೆತುದು 1984ರಲ್ಲಿ.

ಆದರೆ ಒಂದು ಮಾತನ್ನು ಮರೆಯಲಾಗದು. ಗಾಳಿಯಿಲ್ಲದಿದ್ದರೆ ಅಪಾಯವೂ ಇಲ್ಲವೆಂದು ತಿಳಿಯುವುದು ತಪ್ಪು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಇಳಿತದ ವೇಳೆ ಐದು ಹೊಳೆಗಳ ನೀರೆಲ್ಲ ಅಳಿವೆಯ ಕಡೆಗೆ ಸಾಗುತ್ತದೆ. ಮೇಲೆ ಕನ್ನಡಿಯಂತೆ ತೋರುವ ನೀರು ಹಲಗೆಯನ್ನು ಸದ್ದಿಲ್ಲದೆ ಕಡಲಿಗೆ ಒಯ್ಯುತ್ತದೆ. ಗಾಳಿಯೇ ಇಲ್ಲದಿರುವಾಗ ಮರಳಿ ಬರಲು ಹಾಯಿಯ ನೆರವೂ ದೊರೆಯದು. ಆದುದರಿಂದ ನೀರು ಏರುತ್ತಿರುವಾಗ, ಅಳಿವೆಯ ಬಾಯಿಂದ ದೂರದಲ್ಲಿ, ಹಲಗೆಗೆ ಉದ್ದನೆಯ ಹಗ್ಗ ಕಟ್ಟಿ ಪಾಠ ನಡೆಯಬೇಕು. ಎಲ್ಲರಿಗೂ ಲೈಫ್ ಜಾಕೆಟ್ ಇರಬೇಕು. ಬಿದ್ದವರು ಹಲಗೆಯನ್ನು ಬಿಟ್ಟು ಈಜಲು ಹೋಗಬಾರದು. ಅದು ತೇಲುತ್ತದೆ, ದಣಿದ ಮೈ ಮುಳುಗಬಹುದು. ಹಾಯಿಯನ್ನು ಸುತ್ತಿ ಹಲಗೆಯ ಮೇಲಿರಿಸಿ, ಅದರ ಮೇಲೆ ಬೋರಲು ಮಲಗಿ, ಕೈಗಳಿಂದ ಹುಟ್ಟು ಹಾಕುತ್ತ ದಡ ಸೇರುವುದನ್ನು ಅಂದೇ ಕಲಿಯತಕ್ಕದ್ದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದ ಕಡಲಂತೂ ಹೊಸಬರಿಗೆ ಸಲ್ಲದು.

ಇಷ್ಟನ್ನು ಕಲಿತವರು ಆದಿತ್ಯವಾರ ಮಧ್ಯಾಹ್ನ ಪಡುವಣದ ಕಡೆಗೆ ನೋಡಲಿ. ನೀರಿನ ಮೇಲೆ ಕಪ್ಪುಗೆರೆಯಂತೆ ಕಿರುತೆರೆಗಳು ಮೂಡಿ ಹತ್ತಿರ ಬರುತ್ತಿದ್ದರೆ ಅದೇ ಕಡಲಗಾಳಿಯ ಆಗಮನ. ಆಗ ಅವರು ಮಾಡಬೇಕಾದುದು ಒಂದೇ: ನಿನ್ನೆ ಗಾಳಿಯಿಲ್ಲದೆ ಕಲಿತುದನ್ನು ಗಾಳಿಯ ಮುಂದೆ ಒಪ್ಪಿಸುವುದು.